ಕೈಗೆಟುಕುವ ಹ್ಯಾಂಡಲ್

ಫೆಲೋಶಿಪ್ ಹಣ ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ಕೊಂಡೆ. ಮೈಸೂರಿನಿಂದ ಮಡಿಕೇರಿಗೆ ಹೋಗಿಬಂದ ದಿನ ಬೆರಳುಗಳು ರಾತ್ರಿಯವರೆಗೂ ಜೋಮು ಹಿಡಿದಿದ್ದವು. ಹ್ಯಾಂಡಲ್ ನನಗೆ ದೂರ. 'ನಿನ್ನ ಕೈ ಗಿಡ್ಡ ಕಣೇ, ಅಭ್ಯಾಸ ಆಗುತ್ತೆ ಬಿಡು' ಎಂದ ಗೆಳೆಯ. ನಾನೂ ನಂಬಿದೆ. ಯಾರದೋ ಅಳತೆಗೆ ಮಾಡಿದ ವಸ್ತು ಹೊಂದದಿದ್ದಾಗ ತಪ್ಪನ್ನು ನಮ್ಮ ಮೈಯಲ್ಲೇ ಹುಡುಕುವುದು ಎಷ್ಟು ಸಲೀಸು!

ಎರಡು ತಿಂಗಳು ಸಹಿಸಿ, ಹಿಂದಕ್ಕೆ ಬಾಗಿದ, ತುಸು ಎತ್ತರದ ಹ್ಯಾಂಡಲ್ ತಂದೆ. ದಪ್ಪ ಮಾತ್ರ ಹಳೆಯದರಷ್ಟೇ, 22 ಮಿ.ಮೀ.; ಇಲ್ಲದಿದ್ದರೆ ಹಳೆಯ ಕ್ಲಾಂಪಿನಲ್ಲಿ ಕೂರುವುದಿಲ್ಲ. ಗ್ಯಾರೇಜಿನಲ್ಲಿ ಹತ್ತಿ ಕೂತೆ. ಮೊಣಕೈ ಹಗುರವಾಗಿ ಮಡಚಿತು. ಹೊರಟೇಬಿಡೋಣ ಅನ್ನಿಸಿತು.

ಮೆಕ್ಯಾನಿಕ್ ತಡೆದರು. 'ನೆಟ್ಟಗಿದ್ದಾಗ ಎಲ್ಲಾ ಸರಿಯಾಗೇ ಕಾಣುತ್ತೆ ಮೇಡಂ. ಸ್ಟಾರ್ಟ್ ಮಾಡಿ, ಪೂರ್ತಿ ತಿರುಗಿಸಿ ನೋಡಿ.'

ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದೆ. ಆಕ್ಸಿಲರೇಟರ್ ತಿರುವದಿದ್ದರೂ ಇಂಜಿನ್ ಅರಚಿತು. ಕೇಬಲ್ ಸಾಲದೆ ಬಿಗಿದಿತ್ತು. ಬಲಕ್ಕೆ ತಿರುಗಿಸಿದರೆ ಬ್ರೇಕ್ ಪೈಪೂ ಸೆಟೆದು ನಿಂತಿತು. ಮಕ್ಕಳು ಆಡುವ ನಮ್ಮ ಓಣಿಯಲ್ಲಿ ಬೈಕ್ ತಿರುಗಿಸುವಾಗ ಹೀಗಾಗಿದ್ದರೆ?

ಜಗತ್ತನ್ನು ನನ್ನ ಕೈಗೆ ಹೊಂದಿಸಿಕೊಳ್ಳುವುದು ಸ್ವಾರ್ಥ ಎಂದು ಈಗಲೂ ನನಗನ್ನಿಸುವುದಿಲ್ಲ. ನೋವು ನುಂಗಿ ಓಡಿಸುವವರ ಗಮನ ರಸ್ತೆಗಿಂತ ನೋವಿನ ಮೇಲೇ ಇರುತ್ತದೆ. ಅದರಿಂದ ಯಾರಿಗೂ ಒಳಿತಿಲ್ಲ. ಆದರೆ ನನ್ನ ಅನುಕೂಲ ನ್ಯಾಯವೇ ಎಂಬುದನ್ನು ನಾನು ಆರಾಮಾಗಿ ಕೂತ ಭಂಗಿಯಿಂದ ಅಳೆಯಲಾಗದು. ಅದು ಇನ್ನೊಬ್ಬರ ಕಡೆಗೆ ಪೂರ್ತಿ ತಿರುಗಿದಾಗ ಏನಾಗುತ್ತದೆ ಎಂದು ನೋಡಬೇಕು.

ಉದ್ದದ ಕೇಬಲ್, ಪೈಪು ಬರುವವರೆಗೆ ಬೈಕ್ ಗ್ಯಾರೇಜಿನಲ್ಲೇ ಉಳಿಯಿತು. ನಾನು ಬಸ್ಸು ಹತ್ತಿದೆ.