ನಾಯಿಯ ಹೆಸರು ನೆನಪಿದೆ

ತೊಗರ್ಸಿಯಲ್ಲಿ ನಮ್ಮ ಓಣಿ ಮುಗಿಯುವಲ್ಲಿ ಕೇರಿ ಶುರುವಾಗುತ್ತಿತ್ತು. ನಡುವೆ ಒಂದು ಕತ್ತಾಳೆ ಬೇಲಿ. ಎಪ್ಪತ್ತರ ದಶಕದ ಮಾತಿದು. ಬೇಲಿಯ ಕಂಡಿಯಲ್ಲಿ ದಿನಕ್ಕೆ ಹತ್ತು ಸಲ ನುಸುಳಿ ಬರುತ್ತಿದ್ದುದು ಕರಿಯ, ಒಂದು ಬೀದಿನಾಯಿ. ರಾತ್ರಿ ಕೇರಿಯ ಗುಡಿಸಲ ಮುಂದೆ ಮಲಗುತ್ತಿತ್ತು, ಹಗಲು ನಮ್ಮ ಜಗಲಿಯ ಮೇಲೆ. ನಾವು ಹುಡುಗರು ರೊಟ್ಟಿಯಲ್ಲಿ ಅರ್ಧ ಅದಕ್ಕೆ ಹಾಕುತ್ತಿದ್ದೆವು, ತಬ್ಬಿಕೊಂಡು ಮಲಗುತ್ತಿದ್ದೆವು. ಯಾರೂ ಬ್ಯಾಡ ಅನ್ನಲಿಲ್ಲ.

ಅದನ್ನು ಹುಡುಕಿಕೊಂಡು ಕೇರಿಯ ಹುಡುಗನೊಬ್ಬ ಬರುತ್ತಿದ್ದ. ಮರಿಯಿದ್ದಾಗ ಗಂಜಿ ಕುಡಿಸಿ ಅದನ್ನು ಉಳಿಸಿದವನು ಅವನೇ. ಆದರೆ ಅವನು ಬೇಲಿಯಾಚೆ ನಿಂತೇ ಕೂಗಬೇಕು. 'ಅವನ್ನ ಮುಟ್ಟಬ್ಯಾಡ್ರೋ, ಮುಟ್ಟಿದ್ರೆ ಹಿತ್ತಲಾಗೇ ಮೈ ತೊಳಕಂಡು ಬರ್ರಿ' ಅಂತ ಅವ್ವ ಹೇಳುತ್ತಿದ್ದಳು. ಅವನ ಮಗ್ಗುಲಲ್ಲಿ ಮಲಗೆದ್ದ ನಾಯಿಯನ್ನು ಮುಟ್ಟಿದರೆ ಮೈಲಿಗೆಯಿಲ್ಲ! ಶಾಲೆಯಲ್ಲಿ ಮಗ್ಗಿ ತಪ್ಪಿದರೆ ಪೆಟ್ಟು ಬೀಳುತ್ತಿತ್ತು. ಈ ಲೆಕ್ಕ ತಪ್ಪು ಅಂತ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ಬೇಸಿಗೆ ಕರಿಯನಿಗೆ ಹುಚ್ಚು ಹಿಡಿಯಿತು. ಅವತ್ತೇ ಅದು 'ಕೇರಿ ನಾಯಿ' ಆಯಿತು. ಹುಡುಗನ ಕೈಗೆ ಕಚ್ಚಿತು. ಆಗ ಹೊಕ್ಕುಳ ಸುತ್ತ 14 ಸೂಜಿ ಚುಚ್ಚುವ ಕಾಲ. ದಿನಾ ಬಸ್ ಚಾರ್ಜು ಬೇಕು, ಜೊತೆಗೆ ಹೋದವರ ಕೂಲಿ ತಪ್ಪುತ್ತೆ. ಐದನೇ ಸೂಜಿಗೇ ನಿಂತಿತಂತೆ. ದೊಡ್ಡವರು ಕರಿಯನನ್ನು ದೊಣ್ಣೆಯಿಂದ ಬಡಿದು ಕೊಂದ ರಾತ್ರಿ ನಾವು ಉಣ್ಣದೆ ಅತ್ತೆವು. ಎರಡು ತಿಂಗಳಿಗೆ ಹುಡುಗ ಸತ್ತ. ಆ ರಾತ್ರಿ ಉಂಡೆವು.

ಹಾಗಾದರೆ ನಮ್ಮ ಪ್ರೀತಿ ಸುಳ್ಳೇ? ಸುಳ್ಳಲ್ಲ. ಆದರೆ ಅದಕ್ಕೆ ನಾವು ಏನನ್ನೂ ಕಳಕೊಳ್ಳಬೇಕಿರಲಿಲ್ಲ. ನಾಯಿ ಬಾವಿಗೆ ಇಳಿಯುತ್ತೇನೆ ಅನ್ನುವುದಿಲ್ಲ, ಕೂಲಿ ಹೆಚ್ಚು ಮಾಡಿ ಅನ್ನುವುದಿಲ್ಲ, ಪಂಕ್ತಿಯಲ್ಲಿ ಎದುರು ಕೂರುತ್ತೇನೆ ಅನ್ನುವುದಿಲ್ಲ. ಹಾಕಿದ್ದನ್ನು ತಿಂದು ಬಾಲ ಅಲ್ಲಾಡಿಸುತ್ತದೆ. ಇಂಥ ಕರುಣೆಯ ಜೊತೆ ಜಾತಿ ಆರಾಮಾಗಿ ಬಾಳುತ್ತದೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರ ಆಸ್ತಿ ನಾಯಿ, ಕತ್ತೆ ಎಂದು ಬರೆದಿಟ್ಟಿದೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗ, ದನಕರುಗಳಿಗೆ ಇಲ್ಲದ ಅಡ್ಡಿ ಅಸ್ಪೃಶ್ಯರಿಗೆ ಇತ್ತು. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಧರ್ಮರಾಯನನ್ನು ನಾವು ಹೊಗಳುತ್ತೇವೆ. ಏಕಲವ್ಯನನ್ನು ನೋಡಿ ಬೊಗಳಿದ್ದೂ ಪಾಂಡವರ ಬೇಟೆಯ ಜೊತೆ ಹೋದ ನಾಯಿಯೇ. ಅದರಿಂದ ಹೋದ ಹೆಬ್ಬೆರಳಿಗಾಗಿ ಧರ್ಮರಾಯ ಯಾವ ಬಾಗಿಲಲ್ಲೂ ಹಟ ಹಿಡಿದು ನಿಲ್ಲಲಿಲ್ಲ.

ಹಾಗಂತ ನಾಯಿಯನ್ನು ದೂರುವುದು ನ್ಯಾಯವಲ್ಲ. ನಮ್ಮೂರಲ್ಲಿ ಆ ಬೇಲಿಗೆ ಮರ್ಯಾದೆ ಕೊಡದೆ ಇದ್ದದ್ದು ಅದೊಂದೇ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳ ಬಗ್ಗೆ ಆದೇಶ ಕೊಟ್ಟು, ಅದೇ ತಿಂಗಳು ಬದಲಿಸಿತು. ದೇಶವೆಲ್ಲ ನಾಯಿಯ ಪರ, ನಾಯಿಯ ವಿರುದ್ಧ ಎಂದು ಕೂಗಾಡಿತು. ಜಗತ್ತಿನ ರೇಬಿಸ್ ಸಾವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ನಮ್ಮ ದೇಶದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಗ ಸೂಜಿ ತೋಳಿಗೆ, ನಾಲ್ಕೈದು ಸಾಕು. ಕೂಲಿ ಬಿಟ್ಟು ಅಷ್ಟು ಸಲ ಹೋಗಲಾರದವರ ಪರ ಯಾರು ಕೂಗಿದರು?

ಮೇಷ್ಟ್ರುಗಳೇ, ಗೆಳೆಯರೇ, ಮಕ್ಕಳಿಗೆ ಪ್ರಾಣಿದಯೆ ಕಲಿಸಿ, ಬ್ಯಾಡ ಅನ್ನೋದಿಲ್ಲ. ಜೊತೆಗೆ ಬೇಲಿಯಾಚೆ ನಿಂತವನ ಹೆಸರು ಏನು ಅಂತಲೂ ಕೇಳಿ. ನಾವು ಕೇಳಲಿಲ್ಲ. ಕರಿಯನ ಹೆಸರು ಇವತ್ತಿಗೂ ನೆನಪಿದೆ. ಆ ಹುಡುಗನ ಹೆಸರು ನಮಗೆ ಗೊತ್ತೇ ಇಲ್ಲ.