ಬಿಲ್ಲುಗಾರರ ಹೆಸರು

ಹಿರಿಯ ಮಿತ್ರರೊಬ್ಬರ ಬಾಲ್ಯ ಕಳೆದದ್ದು ಇಂಗ್ಲೆಂಡಿನಲ್ಲಿ. ಮೊನ್ನೆ ಅವರ ಮನೆಗೆ ಹೋದಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಹುಡುಗರಾಗಿದ್ದಾಗ ಮೆಚ್ಚಿದ್ದ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಎಂಬ ದೂರದರ್ಶನದ ಕಥಾಮಾಲೆಯನ್ನು ಮತ್ತೆ ನೋಡುತ್ತಿದ್ದರು. 1955ರಲ್ಲಿ ಆರಂಭವಾದ, ಅರ್ಧ ಗಂಟೆಯ 143 ಕಂತುಗಳ ಕಪ್ಪು-ಬಿಳುಪಿನ ಮಾಲೆ. ನಾಯಕ ರಿಚರ್ಡ್ ಗ್ರೀನ್. ಷರ್ವುಡ್ ಕಾಡು, ನಾಟಿಂಗ್‌ಹ್ಯಾಮಿನ ಷರೀಫ, ಸಿರಿವಂತರನ್ನು ದೋಚಿ ಬಡವರಿಗೆ ಹಂಚುವ ಗುಂಪು—ಎಲ್ಲವೂ ಹಾಗೆಯೇ ಇತ್ತು.

“ಆಗ ನನಗೆ ಬಾಣ ಮಾತ್ರ ಕಾಣುತ್ತಿತ್ತು. ಇದನ್ನು ಬರೆದವರು ಯಾರೆಂಬುದು ತಿಳಿದದ್ದು ಮುದುಕನಾದ ಮೇಲೆ,” ಎಂದರು ಮಿತ್ರರು.

ಬರೆದವರಲ್ಲಿ ಅಮೆರಿಕದ ರಿಂಗ್ ಲಾರ್ಡ್‌ನರ್ ಜೂನಿಯರ್ ಒಬ್ಬರು. ನೀವು ಕಮ್ಯೂನಿಸ್ಟರೇ ಎಂದು 1947ರಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯ ಸಮಿತಿ ಕೇಳಿದಾಗ ನೇರ ಉತ್ತರ ಕೊಡಲೊಪ್ಪದೆ, 1950ರಲ್ಲಿ ಸೆರೆಮನೆ ಸೇರಿದವರು. ಅಂಥವರಿಗೆಲ್ಲ ಹಾಲಿವುಡ್ಡಿನ ಬಾಗಿಲು ಮುಚ್ಚಿತು. ಜೊತೆಗಾರರ ಹೆಸರು ಹೇಳಿದವರಿಗೆ ಬಾಗಿಲು ಮತ್ತೆ ತೆರೆಯುವುದುಂಟು. ಹೇಳಲೊಲ್ಲದವರು ತಮ್ಮ ಹೆಸರನ್ನೇ ಕಳೆದುಕೊಂಡರು. ಹ್ಯಾನಾ ವೈನ್‌ಸ್ಟೀನ್ ಎಂಬ ನಿರ್ಮಾಪಕಿ ಇಂಗ್ಲೆಂಡಿನಲ್ಲಿ ತಯಾರಿಸಿದ ಈ ಮಾಲೆಗೆ ಇಂಥ ಲೇಖಕರಿಂದ ಕಥೆ ಬರೆಸಿದರು. ಮಾಲೆ ಅಮೆರಿಕದಲ್ಲಿಯೂ ಪ್ರಸಾರವಾಗಬೇಕಾದುದರಿಂದ ತೆರೆಯ ಮೇಲೆ ಕಲ್ಪಿತ ಹೆಸರುಗಳು ಬಂದವು.

ಇಷ್ಟು ಕೇಳಿದ ಹುಡುಗ, “ತಾತ, ಗುಟ್ಟು ಬಿಡದಿರುವುದು ಕಳ್ಳರ ಗುಣವೂ ಅಲ್ಲವೇ?” ಎಂದುಬಿಟ್ಟ.

ಮಗುವಿನ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಜೇಬುಗಳ್ಳರೂ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ತನಗಾದ ನಷ್ಟವನ್ನು ಸಹಿಸಿದರೆಂಬುದೂ ಸಾಕಾದ ಪ್ರಮಾಣವಲ್ಲ, ಮತಾಂಧನೂ ಸಹಿಸುತ್ತಾನೆ. ಲಾರ್ಡ್‌ನರ್ ನಿಜವಾಗಿಯೂ ಆ ಪಕ್ಷದಲ್ಲಿದ್ದವರೇ. ಆ ಪಕ್ಷ ಕೊಂಡಾಡುತ್ತಿದ್ದ ಸ್ಟಾಲಿನನ ಸೆರೆಶಿಬಿರಗಳಲ್ಲಿ ಲಕ್ಷಾಂತರ ಜನ ನವೆಯುತ್ತಿದ್ದರು. ಅವರ ನಂಬಿಕೆ ಸರಿಯಾಗಿತ್ತೆಂದು ನಾನು ಹೇಳಲಾರೆ.

ಆದರೂ ಒಂದು ಭೇದ ಉಳಿಯುತ್ತದೆ. ಕಳ್ಳನ ಮೌನ ಒಂದು ಕೃತ್ಯವನ್ನು ಮುಚ್ಚುತ್ತದೆ. ಅಲ್ಲಿ ಕಳೆದುಕೊಂಡವನೊಬ್ಬನಿದ್ದಾನೆ, ಅವನಿಗೆ ನ್ಯಾಯ ಸಲ್ಲಬೇಕು. ಈ ಲೇಖಕರನ್ನು ಕೇಳಿದ್ದು ಕೃತ್ಯದ ಮಾತಲ್ಲ. ಯಾರು ಯಾವ ಸಭೆಗೆ ಹೋದರು, ಯಾರು ಏನನ್ನು ನಂಬಿದರು ಎಂಬುದು. ಅದನ್ನು ಹೇಳಿದರೆ ಯಾವ ಬಡವನಿಗೂ ಕಳೆದುದು ಮರಳಿ ಬರುತ್ತಿರಲಿಲ್ಲ. ಇನ್ನೊಬ್ಬನ ಮನೆಯ ಒಲೆ ಆರುತ್ತಿತ್ತು, ಅಷ್ಟೆ. ಒಬ್ಬನ ಅಭಿಪ್ರಾಯ ತಪ್ಪಿರಬಹುದು. ಅದಕ್ಕಾಗಿ ಅವನ ಅನ್ನ ಕಿತ್ತುಕೊಳ್ಳಲು ನೆರವಾಗುವುದಿಲ್ಲವೆಂದವನು ತಪ್ಪು ಮಾಡಲಿಲ್ಲ.

ಹುಡುಗನಿಗೆ ಇಷ್ಟೆಲ್ಲ ಹೇಳಲಾದೀತೇ? ಮಿತ್ರರು ಸ್ವಲ್ಪ ಯೋಚಿಸಿ, “ನಿನ್ನ ಗೆಳೆಯ ಯಾರಿಗಾದರೂ ಹೊಡೆದಿದ್ದರೆ ಬಂದು ಹೇಳು. ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರಾದರೂ ಕೇಳಿದರೆ, ಅವನನ್ನೇ ಕೇಳಿ ಎನ್ನು,” ಎಂದರು.

ಹುಡುಗ ತಲೆಯಾಡಿಸಿ, ಮುಂದಿನ ಕಂತು ಹಾಕೆಂದ.