ತೊರೆದದ್ದಲ್ಲ, ಹೋದದ್ದು

ರೋಗ ಹೋಯಿತು, ಜೀವ ಉಳಿಯಿತು, ಇನ್ನು ಮೊಲೆಯ ಆಕಾರದ ಚಿಂತೆ ಯಾಕೆ? ಧಾರವಾಡದ ನಮ್ಮ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿದವರು ನಮ್ಮ ವೈನಿ. ‘ಐವತ್ತು ದಾಟೇತಿ, ಇನ್ನ ಯಾರಿಗೆ ತೋರ್ಸೂದೈತಿ? ಶಿವ ಕೊಟ್ಟದ್ದು ಪ್ರಸಾದ ಅಂತ ತಿಳ್ಕೊಂಡು ಸುಮ್ಮಿರವಾ.’ ಕೀಮೋ ದಿನಗಳಲ್ಲಿ ನನಗೆ ಗಂಜಿ ಕುಡಿಸಿದವರು ಅವರೇ. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೇ ಉತ್ತರ ಹುಡುಕುತ್ತಿದ್ದೇನೆ.

ಎಡಗಡೆ ಗಡ್ಡೆಯಷ್ಟನ್ನೇ ತೆಗೆದು ಮೊಲೆ ಉಳಿಸಿದ್ದರು. ಆಮೇಲೆ ವಾರಕ್ಕೆ ಐದು ದಿನದಂತೆ ರೇಡಿಯೇಶನ್. ಬರಬರುತ್ತ ಅಲ್ಲಿನ ಮಾಂಸ ಗಟ್ಟಿಯಾಗಿ, ಕುಗ್ಗಿ, ಮೇಲಕ್ಕೆ ಸೆಳೆದುಕೊಂಡಿತು. ಬಲಗಡೆಯದು ವಯಸ್ಸಿಗೆ ತಕ್ಕಂತೆ ಇಳಿಯುತ್ತಲೇ ಇದೆ. ಕೊರಳ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದೆ. ಮೊದಲು ಎದೆಯ ನಡುವೆ ನೆಟ್ಟಗೆ ನಿಲ್ಲುತ್ತಿತ್ತು. ಈಗ ಬಾಗಿ ಕಸ ಹೊಡೆಯುವಾಗ ಎಡಕ್ಕೆ ಜಾರಿ ಹಳೆಯ ಹೊಲಿಗೆಯ ಮೇಲೆ ಬಡಿಯುತ್ತದೆ. ನೋವು ಅಂಥದ್ದೇನಲ್ಲ, ಆದರೆ ಪ್ರತಿ ಸಲವೂ ಆಪರೇಷನ್ ನೆನಪಾಗುತ್ತದೆ.

ಪ್ಲಾಸ್ಟಿಕ್ ಸರ್ಜನ್ ಹೇಳಿದ್ದು ನಾನು ಎಣಿಸಿರದ ಮಾತು. ರೇಡಿಯೇಶನ್ ಆದ ಕಡೆ ರಕ್ತ ಸಂಚಾರ ಕಡಿಮೆ, ಗಾಯ ಬೇಗ ಮಾಯುವುದಿಲ್ಲ, ಅಲ್ಲಿ ಕೈಹಾಕುವುದು ಬೇಡ. ಬಲಗಡೆಯದನ್ನೇ ಎತ್ತಿ ಎಡಕ್ಕೆ ಹೊಂದಿಸೋಣ ಎಂದರು. ತೊಟ್ಟಿನ ಸುತ್ತ, ಅದರ ಕೆಳಗೆ ಕಲೆ ಉಳಿಯುತ್ತದೆ, ಮುಟ್ಟಿದರೆ ತಿಳಿಯುವುದು ಕಡಿಮೆಯಾಗಬಹುದು ಎಂದೂ ಬಿಡಿಸಿ ಹೇಳಿದರು. ಅಂದರೆ ಯಾವ ರೋಗವೂ ಇಲ್ಲದ ಅಂಗಕ್ಕೆ ಕತ್ತರಿ. ವೈನಿಯ ಪ್ರಶ್ನೆಗಿಂತ ಇದು ನನ್ನನ್ನು ಹೆಚ್ಚು ಕಾಡಿತು.

ಬಂದದ್ದೆಲ್ಲ ಪ್ರಸಾದವಾದರೆ ಗಡ್ಡೆಯೂ ಪ್ರಸಾದವೇ ಆಗಬೇಕಿತ್ತು. ಅದನ್ನು ತೆಗೆಸಲು ನನ್ನ ಕೈಹಿಡಿದು ಹುಬ್ಬಳ್ಳಿಗೆ ಕರೆದೊಯ್ದವರು ವೈನಿಯೇ. ಜೀವ ಉಳಿಸುವುದು ಬೇರೆ, ಚೆಂದ ಮಾಡಿಕೊಳ್ಳುವುದು ಬೇರೆ ಎನ್ನುತ್ತಾರೆ ಅವರು. ಆದರೆ ನಾನು ಬಯಸುತ್ತಿರುವುದು ಹೊಸ ಚೆಂದವನ್ನಲ್ಲ. ಚಿಕಿತ್ಸೆ ಕೆಡಿಸಿದ್ದನ್ನು ಚಿಕಿತ್ಸೆಯೇ ಸರಿಪಡಿಸಲಿ ಎಂದಷ್ಟೇ. ಆರೋಗ್ಯ ವಿಮೆಯ ಕರಾರಿನಲ್ಲಿ ಕೂಡ ಸೌಂದರ್ಯದ ಸರ್ಜರಿಗೆ ಹಣವಿಲ್ಲ ಎಂದು ಬರೆದು, ಕ್ಯಾನ್ಸರಿನ ನಂತರದ ಪುನರ್ರಚನೆಯನ್ನು ಆ ನಿಷೇಧದಿಂದ ಹೊರಗಿಟ್ಟಿದ್ದಾರೆ.

ಶರಣರ ಹೆಸರು ಹೇಳಿ ನನ್ನನ್ನು ಸುಮ್ಮನಾಗಿಸಿದವರೂ ಇದ್ದಾರೆ. ದೇವರ ದಾಸಿಮಯ್ಯ ಒಳಗಿನ ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂದವನು, ಅಕ್ಕಮಹಾದೇವಿ ಉಡುಗೆಯನ್ನೇ ಬಿಟ್ಟು ಹೊರಟವಳು, ನಿನಗೇಕೆ ಈ ಮೋಹ ಎಂದು. ಅಕ್ಕ ಬಿಟ್ಟದ್ದು ತಾನಾಗಿ, ಚೆನ್ನಮಲ್ಲಿಕಾರ್ಜುನನಿಗಾಗಿ. ನನ್ನಿಂದ ರೋಗ ಕಿತ್ತುಕೊಂಡಿತು, ಯಾರೂ ನನ್ನನ್ನು ಕೇಳಲಿಲ್ಲ. ಕಳೆದುಕೊಂಡವಳನ್ನು ವಿರಾಗಿಣಿ ಎಂದು ಹೊಗಳಿದರೆ ಅವಳ ದುಃಖದ ಬಾಯಿ ಮುಚ್ಚಿಸಿದಂತೆ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಕೂಡ ಅಕ್ಕನನ್ನು ಕೆಣಕುತ್ತಾನೆ: ಎಲ್ಲ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ? ಅವಳು ತನ್ನ ಕಾರಣ ಹೇಳುತ್ತಾಳೆ. ಮೈಯನ್ನು ಎಷ್ಟು ಮರೆಮಾಡಬೇಕೆಂಬುದು ಅಲ್ಲಿಯೂ ಅವಳದೇ ತೀರ್ಮಾನ. ನನಗೆ ಅವಳ ವೈರಾಗ್ಯ ದಕ್ಕಿಲ್ಲ, ಆ ಹಕ್ಕಾದರೂ ದಕ್ಕಲಿ.

ಬಲಗಡೆಯ ಅಂಗದ ಪ್ರಶ್ನೆಗೆ ಮಾತ್ರ ಶಾಸ್ತ್ರದಿಂದ ಉತ್ತರ ಸಿಗಲಿಲ್ಲ. ಅಂಗದ ಮೇಲೆ ಲಿಂಗ ಧರಿಸುವ ನಾವು ಮೈಯನ್ನು ತುಚ್ಛ ಎನ್ನಲಾರೆವು. ಹಾಗಾಗಿ ಅದನ್ನು ಓರಣವಾಗಿಡುವ ಆಸೆ ತಪ್ಪಲ್ಲ, ಸುಮ್ಮನೆ ಕೊಯ್ಯಿಸಿಕೊಳ್ಳುವುದು ಸರಿಯೂ ಅಲ್ಲ. ಅವಸರ ಮಾಡದಿರುವುದೇ ನನಗೆ ಕಂಡ ದಾರಿ. ರೇಡಿಯೇಶನ್ ಮುಗಿದು ವರ್ಷ ತುಂಬಲಿ ಎಂದಿದ್ದಾರೆ ಡಾಕ್ಟರು. ಟ್ಯಾಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟಿಸಬಹುದಾದ್ದರಿಂದ ಆಪರೇಷನ್ನಿಗೆ ಮೊದಲು ಅದನ್ನು ಕೆಲ ಕಾಲ ನಿಲ್ಲಿಸಬೇಕೇ ಎಂದು ಕ್ಯಾನ್ಸರ್ ಡಾಕ್ಟರನ್ನು ಕೇಳಬೇಕು. ಬಲಗಡೆಯ ಮ್ಯಾಮೊಗ್ರಾಂ ಸರಿ ಬಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ. ಥಿಯೇಟರಿನಲ್ಲಿ ಕರಡಿಗೆ ಬಿಚ್ಚಬೇಕಾಗುತ್ತದೆ. ಲಿಂಗವನ್ನಾದರೂ ಬಟ್ಟೆಯಲ್ಲಿ ಸುತ್ತಿ ಕೈಗೆ ಕಟ್ಟಿಕೊಳ್ಳಲು ಬಿಡುತ್ತೀರಾ ಎಂದು ಆ ದಿನದವರೆಗೆ ಕಾಯದೆ ಮುಂಚೆಯೇ ಕೇಳುವವಳಿದ್ದೇನೆ.